ಕೂತಲ್ಲೇ ಬೆಳೆಯುವ ಸಂಬಳ, ಎದ್ದು ಹೊರಟ ಪದವೀಧರ

ಊಟದ ಹೊತ್ತಿನಲ್ಲಿ ಈ ಮಾತು ಕೇಳಿಸದ ಮನೆ ಇಂದು ಕಡಿಮೆ. ಪದವಿ ಮುಗಿಸಿ ಎರಡು ವರ್ಷ ದುಡಿದ ಮಗನೋ ಮಗಳೋ, "ಅಪ್ಪಾ, ಈ ಕೆಲಸ ಬಿಡ್ತಾ ಇದೀನಿ, ಬೇರೆ ಕಡೆ ಜಾಸ್ತಿ ಕೊಡ್ತಾರೆ" ಎನ್ನುವುದು. ಒಂದೇ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದ ತಂದೆ ತುತ್ತನ್ನು ತಟ್ಟೆಗೇ ಇಳಿಸಿ, "ಒಂದು ಕಡೆ ನೆಟ್ಟಗೆ ಕೂತ್ಕೊಳೋದು ಕಲಿ, ಎಲ್ಲಾ ತಾನಾಗಿ ಬರುತ್ತೆ" ಎನ್ನುವುದು. ಮಗನ ಕಣ್ಣಿಗೆ ತಂದೆ ಅಂಜುಬುರುಕ. ತಂದೆಯ ಕಣ್ಣಿಗೆ ಮಗ ಚಂಚಲ. ಮಾತು ಬೆಳೆದು, ಅಮ್ಮ ಸಾರು ಬಡಿಸಿ ವಿಷಯ ಬದಲಿಸುವಲ್ಲಿಗೆ ಅಂದಿನ ಕಲಾಪ ಮುಗಿಯುತ್ತದೆ.

ಇದನ್ನು ಸ್ವಭಾವದ ಜಗಳವೆಂದೋ ತಲೆಮಾರಿನ ಅಂತರವೆಂದೋ ತಳ್ಳಿಹಾಕುವುದು ಸುಲಭ. ಆದರೆ ಸ್ವಲ್ಪ ಇತಿಹಾಸ ಕೆದಕಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಇಬ್ಬರೂ ತಮ್ಮ ತಮ್ಮ ಸಂಬಳದ ಚೀಟಿ ಕಲಿಸಿದ ಪಾಠವನ್ನೇ ಒಪ್ಪಿಸುತ್ತಿದ್ದಾರೆ. ತಂದೆಯ ಸಂಬಳ ಕೂತವನಿಗೆ ಬೆಳೆಯುವಂತೆ ಕಟ್ಟಿದ್ದು. ಮಗನ ಸಂಬಳ ಎದ್ದು ಹೋದವನಿಗೆ ಬೆಳೆಯುವಂಥದು. ಈ ಎರಡು ಕಟ್ಟಡಗಳನ್ನೂ ಕಟ್ಟಿದವರು ಯಾರು, ಯಾವಾಗ, ಏಕೆ ಎಂದು ತಿಳಿದರೆ ಬಿಡಬೇಕೇ ಇರಬೇಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೂ ಸುಲಭವಾದೀತು.

ಸಂಬಳ, ಜೀತ, ಜೋಳವಾಳಿ

ಮೊದಲು ಶಬ್ದಗಳನ್ನೇ ನೋಡೋಣ. ಸಂಸ್ಕೃತದ 'ಶಂಬಲ' ಎಂದರೆ ದಾರಿಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಂಡ ಆಹಾರ. ನಮ್ಮ 'ಸಂಬಳ' ಅದರಿಂದ ಬಂದದ್ದೆಂದು ಹೇಳುವುದುಂಟು. ಹಳಗನ್ನಡದಲ್ಲಿ ಸಂಬಳಕ್ಕೆ ಇನ್ನೊಂದು ಹೆಸರಿತ್ತು: 'ಜೀತ'. ಜೀವಿತ, ಅಂದರೆ ಬದುಕಿಗೆ ಆಧಾರವಾದದ್ದು ಎಂಬುದೇ ಅದರ ಮೂಲ ಅರ್ಥ. ಕಾಲಾಂತರದಲ್ಲಿ ಅದೇ ಪದ ಬಿಟ್ಟು ಹೋಗಲಾರದ ದುಡಿಮೆಗೆ, ಸಾಲಕ್ಕೆ ಕಟ್ಟುಬಿದ್ದ ಬಾಳಿಗೆ ಹೆಸರಾಯಿತು. ಒಂದೇ ವಸ್ತುವಿಗೆ ಸಂದ ಎರಡು ಪದಗಳಲ್ಲಿ ಒಂದು ದಾರಿಯನ್ನು ನೆನಪಿಸುತ್ತದೆ, ಮತ್ತೊಂದು ಸರಪಳಿಯನ್ನು.

ನಡುವೆ ಮೂರನೆಯದೊಂದಿದೆ: 'ಜೋಳವಾಳಿ'. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಹಳೆಯ ಕಟ್ಟಳೆ. ಪಂಪನ ಕರ್ಣನನ್ನು ನಾವು ಮೆಚ್ಚುವುದು ಇದಕ್ಕಾಗಿಯೇ. ಕೃಷ್ಣ ಅವನ ಮುಂದಿಟ್ಟದ್ದು ಇಂದಿನ ಭಾಷೆಯಲ್ಲಿ ಹೇಳುವುದಾದರೆ ಎಲ್ಲ ರೀತಿಯಲ್ಲೂ ಮೇಲಾದ ಹುದ್ದೆ, ಕರ್ಣ ಒಲ್ಲೆನೆಂದ. ಉಂಡ ಮನೆ ಬಿಡಬಾರದೆಂಬ ನಮ್ಮ ಹಿರಿಯರ ಮಾತಿನ ಹಿಂದೆ ಸಾವಿರ ವರ್ಷದ ಈ ಭಾವ ಇನ್ನೂ ಉಸಿರಾಡುತ್ತಿದೆ.

ಶಾನುಭೋಗ, ಪಟೇಲ, ತಳವಾರರಿಗೆ ನಮ್ಮ ಹಳ್ಳಿಗಳಲ್ಲಿ ಸಂದಾಯವಾಗುತ್ತಿದ್ದದ್ದು ಬಹುಮಟ್ಟಿಗೆ ಭೂಮಿ, ದವಸದ ಪಾಲು. ಕೆಲಸ ಮನೆತನದ್ದು, ಭೂಮಿಯೂ ಮನೆತನದ್ದು. ಅಲ್ಲಿ 'ಕೆಲಸ ಬದಲಾಯಿಸುವುದು' ಎಂಬ ಮಾತಿಗೆ ಅರ್ಥವೇ ಇರಲಿಲ್ಲ. ಆ ಪ್ರಶ್ನೆ ಹುಟ್ಟಬೇಕಾದರೆ ಎರಡು ಸಾಮಗ್ರಿಗಳು ಬೇಕು: ಕೈಯಲ್ಲಿ ಒಯ್ಯಬಹುದಾದ ನಗದು ಸಂಬಳ, ಎಲ್ಲಿ ತೋರಿಸಿದರೂ ನಡೆಯುವ ಓದಿನ ಪ್ರಮಾಣಪತ್ರ. ಎರಡೂ ನಮಗೆ ಬಂದದ್ದು ಕಂಪನಿ ಸರ್ಕಾರದ ಕಾಲದಲ್ಲಿ.

ಐದು ಪೌಂಡಿನ ಗುಮಾಸ್ತ

1744ರಲ್ಲಿ ರಾಬರ್ಟ್ ಕ್ಲೈವ್ ಮದರಾಸಿಗೆ ಬಂದಿಳಿದಾಗ ಅವನು ಈಸ್ಟ್ ಇಂಡಿಯಾ ಕಂಪನಿಯ 'ರೈಟರ್', ಅಂದರೆ ಬರವಣಿಗೆಯ ಗುಮಾಸ್ತ. ಸಂಬಳ ವರ್ಷಕ್ಕೆ 5 ಪೌಂಡು. ಅದರಲ್ಲಿ ಬದುಕುವುದು ಸಾಧ್ಯವಿಲ್ಲವೆಂದು ಕಂಪನಿಗೂ ಗೊತ್ತಿತ್ತು, ಗುಮಾಸ್ತನಿಗೂ ಗೊತ್ತಿತ್ತು. ಮೇಲಿನ ಸಂಪಾದನೆ ಖಾಸಗಿ ವ್ಯಾಪಾರದಿಂದ, ಕಾಣಿಕೆಗಳಿಂದ ಆಗುತ್ತಿತ್ತು. ಪ್ಲಾಸಿಯ ನಂತರ ಈ ಮೇಲ್ಸಂಪಾದನೆ ಲೂಟಿಯ ಮಟ್ಟ ಮುಟ್ಟಿದಾಗ ಇಂಗ್ಲೆಂಡಿನಲ್ಲೇ ಗದ್ದಲವೆದ್ದಿತು.

1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸ್ ಕಂಡುಕೊಂಡ ಉಪಾಯ ಸರಳ: ಮೇಲ್ಸಂಪಾದನೆ ನಿಲ್ಲಬೇಕಾದರೆ ಸಂಬಳ ಹೆಚ್ಚಬೇಕು. ಅದರೊಂದಿಗೆ ಮತ್ತೊಂದು ನಿಯಮವೂ ಬಂತು. ಬ್ರಿಟಿಷ್ ಸಂಸತ್ತಿನ 1793ರ ಸನದು ಕಾಯ್ದೆ ಸಂಬಳಕ್ಕೂ ಸೇವೆಯ ವರ್ಷಗಳಿಗೂ ಗಂಟು ಹಾಕಿತು. ವರ್ಷಕ್ಕೆ 500 ಪೌಂಡಿಗಿಂತ ಹೆಚ್ಚಿನ ಹುದ್ದೆಗೆ 3 ವರ್ಷದ ಸೇವೆ ಆಗಿರಬೇಕು. 1,500ಕ್ಕೆ ಮೇಲ್ಪಟ್ಟದ್ದಕ್ಕೆ 6 ವರ್ಷ. 3,000ಕ್ಕೆ 9 ವರ್ಷ. 4,000 ದಾಟಬೇಕಾದರೆ 12 ವರ್ಷ. ಬೇಕಾದವರ ಮಕ್ಕಳನ್ನು, ಅಳಿಯಂದಿರನ್ನು ಒಮ್ಮೆಗೇ ಮೇಲಿನ ಕುರ್ಚಿಗೆ ಏರಿಸುವುದನ್ನು ತಡೆಯುವುದು ಇದರ ಉದ್ದೇಶ. 'ಸೀನಿಯಾರಿಟಿ' ಎಂದು ನಮ್ಮ ಕಚೇರಿಗಳಲ್ಲಿ ಇಂದಿಗೂ ಜಪಿಸುವ ಮಂತ್ರದ ಒಂದು ಬೇರು ಇಲ್ಲಿದೆ. ಇಂದು ಅದನ್ನು ಸೋಮಾರಿತನದ ಆಸರೆ ಎಂದು ಹಳಿಯುವವರು, ಅದು ಹುಟ್ಟಿದ್ದು ಪಕ್ಷಪಾತಕ್ಕೆ ಮದ್ದಾಗಿ ಎಂಬುದನ್ನು ಮರೆಯಬಾರದು.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ಓದಿದವರಿಗೆ ಆದ್ಯತೆ ಎಂದು ಸಾರಿದ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಮರುವರ್ಷವೇ ಕಲ್ಕತ್ತ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದ ಮೊದಲಿಬ್ಬರಲ್ಲಿ ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಒಬ್ಬರು. ಅದೇ 1858ರಲ್ಲಿ ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟರಾದರು, 1891ರಲ್ಲಿ ನಿವೃತ್ತರಾದರು. ನಮ್ಮ ದೇಶದ ಮೊದಲ ಪದವೀಧರರಲ್ಲೊಬ್ಬರು 33 ವರ್ಷ ಒಂದೇ ಸರ್ಕಾರದ ಸೇವೆಯಲ್ಲಿ ಕಳೆದರು. ಪದವಿ, ನೌಕರಿ, ಪಿಂಚಣಿ ಎಂಬ ತ್ರಿಸೂತ್ರ ಹಾಗೆ ಶುರುವಾಯಿತು. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ ಸಿವಿಲ್ ಸರ್ವಿಸ್ ಪರೀಕ್ಷೆ ಬಂದು ಇಲ್ಲಿಯ ಪದವೀಧರರಿಗೂ ಆ ದಾರಿ ತೆರೆಯಿತು.

ಅಂಕಿಗಳ ಏಣಿ

ತಂದೆಯ ಕಾಲದ ನೇಮಕಾತಿ ಆದೇಶಗಳನ್ನು ನೋಡಿದವರಿಗೆ ಈ ಸಾಲು ಪರಿಚಿತ: 2200-75-2800-ಇ.ಬಿ.-100-4000. ನಾಲ್ಕನೆಯ ಕೇಂದ್ರ ವೇತನ ಆಯೋಗದ ನಂತರ, 1986ರಿಂದ ಜಾರಿಗೆ ಬಂದ ಪ್ರಥಮ ದರ್ಜೆ ಅಧಿಕಾರಿಯ ಆರಂಭದ ಶ್ರೇಣಿ ಇದು. ಹೊರಗಿನವರಿಗೆ ಟೆಲಿಫೋನ್ ನಂಬರಿನಂತೆ ಕಾಣುವ ಈ ಸಾಲಿನಲ್ಲಿ ಒಬ್ಬ ಮನುಷ್ಯನ ಇಡೀ ನಡುವಯಸ್ಸು ಅಡಗಿದೆ.

ಓದುವ ಕ್ರಮ ಹೀಗೆ. ಸೇರಿದಾಗ ಮೂಲವೇತನ 2,200 ರೂಪಾಯಿ. ವರ್ಷಕ್ಕೆ 75 ರೂಪಾಯಿ ಬಡ್ತಿ. ಎಂಟು ವರ್ಷಕ್ಕೆ 2,800. ಅಲ್ಲಿ 'ಇ.ಬಿ.', ಅಂದರೆ ಎಫಿಷಿಯನ್ಸಿ ಬಾರ್ ಎಂಬ ಅಡ್ಡಗಟ್ಟೆ. ಕೆಲಸ ತೃಪ್ತಿಕರವೆಂದು ಮೇಲಿನವರು ಬರೆದರೆ ಮಾತ್ರ ದಾಟಬಹುದು. ದಾಟಿದ ಮೇಲೆ ವರ್ಷಕ್ಕೆ 100 ರೂಪಾಯಿಯಂತೆ ಹನ್ನೆರಡು ವರ್ಷ. ಒಟ್ಟು 20 ವರ್ಷಕ್ಕೆ 4,000. ಅಲ್ಲಿಗೆ ಏಣಿ ಮುಗಿಯಿತು. ಅಷ್ಟರೊಳಗೆ ಮೇಲಿನ ಹುದ್ದೆಗೆ ಬಡ್ತಿ ಸಿಗದವನು ತುದಿಮೆಟ್ಟಿಲ ಮೇಲೆ ನಿಂತುಕೊಳ್ಳಬೇಕು. ಐದನೆಯ ಆಯೋಗ 1996ರಿಂದ ಇದೇ ಶ್ರೇಣಿಯನ್ನು 8000-275-13500 ಎಂದು ಮಾಡಿತು. ಅಡ್ಡಗಟ್ಟೆ ಹೋಯಿತು, ಅಂಕಿ ದೊಡ್ಡದಾಯಿತು. ಆದರೆ ಲೆಕ್ಕ ಹಾಕಿ ನೋಡಿದರೆ ತುದಿ ಮುಟ್ಟಲು ಆಗಲೂ 20 ವರ್ಷವೇ. ಆರಂಭದ ಬಡ್ತಿ ಎರಡರಲ್ಲೂ ನೂರಕ್ಕೆ ಮೂರೂವರೆಯಷ್ಟು. ಆರನೆಯ ಆಯೋಗ ಅದನ್ನು ನೂರಕ್ಕೆ 3 ಎಂದು ನೇರವಾಗಿಯೇ ನಿಗದಿ ಮಾಡಿತು.

ಈ ಏಣಿಯ ಗುಟ್ಟು ಬಡ್ತಿಯ ಮೊತ್ತದಲ್ಲಿಲ್ಲ, ಕಟ್ಟಿದ ರೀತಿಯಲ್ಲಿದೆ. ಹನ್ನೆರಡನೆಯ ಮೆಟ್ಟಿಲಿನಲ್ಲಿ ನಿಂತವನು ಇಳಿದು ಬೇರೆ ಏಣಿ ಹತ್ತಹೊರಟರೆ ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಿಂದಲೇ ಶುರು ಮಾಡಬೇಕು. ಸೀನಿಯಾರಿಟಿ ಅವನ ಜೊತೆ ಬರುವುದಿಲ್ಲ. ಮೇಲಾಗಿ ಏಣಿಯ ತುದಿಯಲ್ಲಿ ಪಿಂಚಣಿ ಎಂಬ ಗಂಟು ಕಟ್ಟಿತ್ತು. ಕೇಂದ್ರ ಸರ್ಕಾರಿ ನೌಕರರಿಗೆ ಬಹುಕಾಲ ಪೂರ್ಣ ಪಿಂಚಣಿ ಸಿಗಲು 33 ವರ್ಷದ ಸೇವೆ ಬೇಕಿತ್ತು. 10 ವರ್ಷ ತುಂಬದವನಿಗೆ ಪಿಂಚಣಿಯೇ ಇರಲಿಲ್ಲ. ಹೀಗಾಗಿ ಪ್ರತಿ ತಿಂಗಳೂ ಆತ ಗಳಿಸುತ್ತಿದ್ದದ್ದರಲ್ಲಿ ಒಂದು ಪಾಲು ಕೈಗೆ ಬರುತ್ತಿತ್ತು, ಮತ್ತೊಂದು ಪಾಲು ಮುಂದಿನ ದಿನಗಳಲ್ಲಿ ಹೂತಿಟ್ಟಂತೆ ಇರುತ್ತಿತ್ತು. ನಡುವೆ ಬಿಟ್ಟವನಿಗೆ ಹೂತಿಟ್ಟದ್ದು ನಷ್ಟ. "ಎಲ್ಲಾ ತಾನಾಗಿ ಬರುತ್ತೆ" ಎಂಬ ತಂದೆಯ ಮಾತು ಅಂಜಿಕೆಯದಲ್ಲ, ಲೆಕ್ಕದ ಮಾತು.

ಮೂವರು ಎದ್ದು ಹೋದರು

ಹಾಗಾದರೆ ಆ ಕಾಲದಲ್ಲಿ ಯಾರೂ ಬಿಡಲಿಲ್ಲವೇ? ಬಿಟ್ಟರು. ಕನ್ನಡ ನಾಡಿಗೆ ಹತ್ತಿರದ ಮೂವರನ್ನು ನೆನೆಯಬಹುದು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಕೀರ್ತಿಯೂ ಬಂತು, ಮೇಲಿನ ಹುದ್ದೆಯೂ ಬಂತು. ಆದರೆ ತುತ್ತತುದಿಯ ಮುಖ್ಯ ಇಂಜಿನಿಯರ್ ಕುರ್ಚಿ ಆಗ ಭಾರತೀಯನಿಗೆ ಎಟುಕುವಂಥದಾಗಿರಲಿಲ್ಲ. 1908ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಹೊರಬಂದರು. ಪಿಂಚಣಿಗೆ ಬೇಕಾದ 25 ವರ್ಷ ತುಂಬಿರಲಿಲ್ಲ. ಸರ್ಕಾರ ನಿಯಮ ಸಡಿಲಿಸಿ ಪಿಂಚಣಿ ಕೊಟ್ಟಿತು. ಮರುವರ್ಷ ಹೈದರಾಬಾದಿನ ಪ್ರವಾಹ ನಿಯಂತ್ರಣದ ಕೆಲಸ, ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರ್ ಹುದ್ದೆ, 1912ರಲ್ಲಿ ದಿವಾನಗಿರಿ. ಅವರು ಮುಂಬಯಿಯಲ್ಲೇ ಕೂತಿದ್ದರೆ ಮೈಸೂರಿನ ಚರಿತ್ರೆ ಬೇರೆಯಾಗುತ್ತಿತ್ತು.

ಎರಡನೆಯವರು ಸಿ.ವಿ. ರಾಮನ್. 1907ರಲ್ಲಿ, ಇನ್ನೂ ಇಪ್ಪತ್ತೂ ತುಂಬದ ವಯಸ್ಸಿನಲ್ಲಿ, ಹಣಕಾಸು ಸೇವೆಯ ಪರೀಕ್ಷೆ ಗೆದ್ದು ಕಲ್ಕತ್ತದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಹಗಲು ಲೆಕ್ಕಪತ್ರ, ಬೆಳಗು ಸಂಜೆ ಪ್ರಯೋಗಶಾಲೆ. ಹತ್ತು ವರ್ಷದ ನಂತರ, 1917ರಲ್ಲಿ ಆ ಹುದ್ದೆ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು, ಅದೂ ಎಷ್ಟೋ ಕಡಿಮೆ ಸಂಬಳಕ್ಕೆ. 1930ರ ನೊಬೆಲ್ ಪ್ರಶಸ್ತಿ ಆ ನಷ್ಟದ ಫಲ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಮೂರನೆಯವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. 1914ರಲ್ಲಿ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿ, ಜಿಲ್ಲಾಧಿಕಾರಿಯ ದರ್ಜೆಯವರೆಗೆ ಏರಿದರು. 1940ರ ದಶಕದ ಆರಂಭದಲ್ಲಿ ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ಸಂದಾಗ ರಾಜೀನಾಮೆ ಕೊಟ್ಟು ಹೊರನಡೆದರು. ನಷ್ಟ ಸಂಸ್ಥಾನದ್ದು, ಲಾಭ ಕನ್ನಡದ್ದು.

ಒಬ್ಬರು ನೆತ್ತಿಗೆ ತಗಲಿದ ಸೂರಿನಿಂದ, ಮತ್ತೊಬ್ಬರು ಮನಸ್ಸಿನ ಸೆಳೆತದಿಂದ, ಇನ್ನೊಬ್ಬರು ಸ್ವಾಭಿಮಾನದಿಂದ ಬಿಟ್ಟರು. ಹೆಚ್ಚಿನ ಸಂಬಳಕ್ಕಾಗಿ ಬಿಟ್ಟವರು ಮೂವರಲ್ಲಿ ಯಾರೂ ಇಲ್ಲ. ಸಂಬಳದ ದೃಷ್ಟಿಯಿಂದ ಕೂರುವುದೇ ಜಾಣತನವಾಗಿದ್ದ ಕಾಲದಲ್ಲಿ ಎದ್ದು ಹೋಗಲು ಬೇರೆಯೇ ಕಾರಣ ಬೇಕಿತ್ತು. ಕೂತು ಬೆಳೆದವರೂ ಇದ್ದರು. ಕುವೆಂಪು 1929ರಲ್ಲಿ ಮಹಾರಾಜ ಕಾಲೇಜಿನ ಅಧ್ಯಾಪಕರಾಗಿ ಸೇರಿದ ಮೈಸೂರು ವಿಶ್ವವಿದ್ಯಾಲಯದಲ್ಲೇ 1956ರಲ್ಲಿ ಕುಲಪತಿಯಾದರು; 1960ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ಆದ್ದರಿಂದ ಬಿಡುವುದು ಧೈರ್ಯ, ಇರುವುದು ಹೇಡಿತನ ಎಂಬ ಸುಲಭದ ತೀರ್ಮಾನಕ್ಕೆ ಇತಿಹಾಸ ಸೊಪ್ಪು ಹಾಕುವುದಿಲ್ಲ.

ಕಾರ್ಖಾನೆಗಳ ಬೆಂಗಳೂರು, ಬ್ಯಾಂಕುಗಳ ಕರಾವಳಿ

ಸ್ವಾತಂತ್ರ್ಯಾನಂತರ ಈ ಏಣಿ ಕಚೇರಿಯಿಂದ ಕಾರ್ಖಾನೆಗೂ ಬ್ಯಾಂಕಿಗೂ ಬಂತು. 1940ರಲ್ಲಿ ಶುರುವಾದ ಎಚ್.ಎ.ಎಲ್., 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಸಂಸ್ಥೆಗಳು ಬೆಂಗಳೂರಿನ ಪದವೀಧರನಿಗೆ ಸಂಬಳ ಮಾತ್ರವಲ್ಲ, ವಸತಿ, ಆಸ್ಪತ್ರೆ, ಮಕ್ಕಳ ಶಾಲೆ, ಕ್ಯಾಂಟೀನಿನ ಊಟ ಎಲ್ಲವನ್ನೂ ಕೊಟ್ಟವು. ಅಂಥ ಕೆಲಸ ಬಿಡುವುದೆಂದರೆ ಬರೀ ಹುದ್ದೆ ಬಿಡುವುದಲ್ಲ, ಊರನ್ನೇ ಬಿಟ್ಟಂತೆ.

ಬಿಡಲಾಗದ ಕಡೆ ಸಂಬಳ ಹೆಚ್ಚಿಸಿಕೊಳ್ಳುವ ದಾರಿ ಒಂದೇ: ಒಟ್ಟಾಗಿ ಕೇಳುವುದು. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಲಕ್ಷಕ್ಕೂ ಹೆಚ್ಚು ನೌಕರರು, ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಬೇಕೆಂದು ಮುಷ್ಕರ ಹೂಡಿದರು. 1981ರ ಮಾರ್ಚಿನವರೆಗೆ 77 ದಿನ ಅದು ನಡೆಯಿತು. ಬೇಡಿಕೆ ಪೂರ್ತಿ ಈಡೇರಲಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದರ ಪ್ರಕಾರ ಅತೃಪ್ತನ ಮುಂದೆ ಇರುವುದು ಎರಡು ದಾರಿ: ಎದ್ದು ಹೋಗುವುದು, ಇಲ್ಲವೇ ಇದ್ದು ದನಿ ಎತ್ತುವುದು. ಅದೇ ವೇತನಕ್ಕೆ ಒಬ್ಬೊಬ್ಬರಾಗಿ ಬೇರೆ ಕಡೆ ಹೋಗುವ ಅವಕಾಶವಿದ್ದಿದ್ದರೆ ಆ 77 ದಿನಗಳು ಬರುತ್ತಿದ್ದವೋ ಇಲ್ಲವೋ.

ಕರಾವಳಿಯ ಕಥೆ ಇನ್ನೊಂದು ಬಗೆ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯ 1931ರಲ್ಲಿ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. 1969 ಮತ್ತು 1980ರ ರಾಷ್ಟ್ರೀಕರಣಗಳ ನಂತರ ಬ್ಯಾಂಕಿನ ಕೆಲಸವೆಂದರೆ ಸರ್ಕಾರದ ಭದ್ರತೆ ಉಳ್ಳ ಒಳ್ಳೆಯ ಸಂಬಳ. ಮದುವೆಯ ಮಾರುಕಟ್ಟೆಯಲ್ಲೂ ಅದಕ್ಕೆ ಬೆಲೆ. ಆದರೆ ಗುಮಾಸ್ತ ಅಧಿಕಾರಿಯಾದ ಕೂಡಲೇ ಬಿಹಾರಕ್ಕೋ ಅಸ್ಸಾಮಿಗೋ ವರ್ಗ. ತೋಟ, ವಯಸ್ಸಾದ ತಂದೆತಾಯಿ, ಮಕ್ಕಳ ಓದು ಇವನ್ನು ನೆನೆದು "ಪ್ರಮೋಷನ್ನೇ ಬೇಡ" ಎಂದವರು ಬಹಳ. ಸಂಬಳ ಹೆಚ್ಚುವುದನ್ನು ಕೈಯಾರೆ ದೂರ ತಳ್ಳಿದ ಈ ಪದವೀಧರರು ದಡ್ಡರಲ್ಲ. ಸಂಬಳಕ್ಕೆ ಒಂದು ಊರಿರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬಾರದು ಎಂಬುದನ್ನು ಅವರು ಅರಿತಿದ್ದರು.

ಗೋಡೆ ಸರಿದಾಗ

1981ರಲ್ಲಿ, ಆ ಮುಷ್ಕರ ಮುಗಿದ ಕೆಲವೇ ತಿಂಗಳಲ್ಲಿ, ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಿಂದ ಹೊರಬಂದ ಏಳು ಮಂದಿ ಸೇರಿ ಇನ್ಫೋಸಿಸ್ ಸ್ಥಾಪಿಸಿದರು. ಕಂಪನಿ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದೇ ಊರಿನಲ್ಲಿ ಕೇಂದ್ರ ತೆರೆಯಿತು. 1991ರ ಆರ್ಥಿಕ ಸುಧಾರಣೆಗಳ ನಂತರ ಇಂಥ ಕಂಪನಿಗಳು ಒಂದರ ಪಕ್ಕ ಒಂದು ಎದ್ದವು. ಅದೇ ಕೆಲಸ, ಅದೇ ಕಂಪ್ಯೂಟರ್ ಭಾಷೆ, ಅದೇ ರಸ್ತೆ. ಬೋರ್ಡು ಮಾತ್ರ ಬೇರೆ. ಸರ್ಕಾರಿ ಏಣಿಯಲ್ಲಿ ಕೆಳಗಿಳಿದವನು ಮೊದಲ ಮೆಟ್ಟಿಲಿಗೆ ಬೀಳುತ್ತಿದ್ದರೆ, ಇಲ್ಲಿ ಪಕ್ಕದ ಏಣಿಯ ಒಂದು ಮೆಟ್ಟಿಲು ಮೇಲಕ್ಕೇ ಜಿಗಿಯಬಹುದಾಗಿತ್ತು. ಏಕೆಂದರೆ ಅನುಭವ ಉಳ್ಳವನನ್ನು ತುರ್ತಾಗಿ ಹುಡುಕುವ ಕಂಪನಿ ಕೊಡುವ ಬೆಲೆ ಬೇರೆ, ಇರುವವನಿಗೆ ವರ್ಷಕ್ಕೊಮ್ಮೆ ಏರಿಸುವ ದರ ಬೇರೆ.

ಇದರ ಇನ್ನೊಂದು ಮುಖವೂ ಇದೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸ ಪದವೀಧರನ ಆರಂಭದ ಸಂಬಳ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ನಿಂತೇಬಿಟ್ಟಿತು. ಅಷ್ಟರಲ್ಲಿ ಮನೆ ಬಾಡಿಗೆ, ದಿನಸಿ ನಿಲ್ಲಲಿಲ್ಲ. ಬಾಗಿಲಲ್ಲಿ ಬೆಳೆಯದ ಸಂಬಳ ಒಳಗೆ ನಿಧಾನವಾಗಿ ಬೆಳೆದರೆ ಹುಡುಗರು ಇನ್ನೊಂದು ಬಾಗಿಲು ಹುಡುಕುವುದು ಸಹಜ.

ಇತ್ತ ತಂದೆಯ ಏಣಿಯ ತುದಿಯ ಗಂಟೂ ಸಡಿಲವಾಯಿತು. 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರಿ ಸೇವೆಗೆ, 2006ರ ಏಪ್ರಿಲ್ 1ರ ನಂತರ ಕರ್ನಾಟಕ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಬದಲು ವಂತಿಗೆ ಆಧಾರಿತ ಹೊಸ ಯೋಜನೆ ಬಂತು. ಅದರ ಮೇಲೆ ನೌಕರರ ಅಸಮಾಧಾನ ಇಂದಿಗೂ ಆರಿಲ್ಲ. ಕೂತವನಿಗೆ ಕೊನೆಯಲ್ಲಿ ಸಿಗುತ್ತಿದ್ದ ಖಚಿತ ಬಹುಮಾನವೇ ಬದಲಾದ ಮೇಲೆ ಕೂರುವ ಲೆಕ್ಕವೂ ಬದಲಾಗಲೇಬೇಕಲ್ಲ!

ಎದ್ದು ಹೋಗುವವರ ಅಲೆ ಎಷ್ಟು ಎತ್ತರ ಏಳಬಲ್ಲದೆಂದು 2022 ತೋರಿಸಿತು. ಆ ವರ್ಷದ ಜೂನ್‌ಗೆ ಮುಗಿದ 12 ತಿಂಗಳಲ್ಲಿ ಇನ್ಫೋಸಿಸ್‌ನಲ್ಲಿ ತಾವಾಗಿ ಕೆಲಸ ಬಿಟ್ಟವರ ಪ್ರಮಾಣ ನೂರಕ್ಕೆ 28.4. ಸೆಪ್ಟೆಂಬರಿಗೆ ಟಿ.ಸಿ.ಎಸ್.ನಲ್ಲಿ ಅದು 21.5. ಅಲೆ ಇಳಿಯುವುದಕ್ಕೂ ಹೆಚ್ಚು ದಿನ ಹಿಡಿಯಲಿಲ್ಲ. 2023-24ರಲ್ಲಿ ಇನ್ಫೋಸಿಸ್‌ನ ಒಟ್ಟು ನೌಕರರ ಸಂಖ್ಯೆ 25,994ರಷ್ಟು, ಟಿ.ಸಿ.ಎಸ್.ನದು 13,249ರಷ್ಟು ಇಳಿಯಿತು. ಬಾಗಿಲುಗಳು ಒಂದಾದ ಮೇಲೊಂದು ತೆರೆದುಕೊಳ್ಳುವ ಕಾಲದಲ್ಲಿ ಕಲಿತ ಪಾಠ, ಬಾಗಿಲು ಮುಚ್ಚುವ ಕಾಲಕ್ಕೆ ಹೊಂದುವುದಿಲ್ಲ. ತಂದೆಗೆ ಆದದ್ದೇ ಮಗನಿಗೂ ಆಯಿತು: ತನ್ನ ಕಾಲದ ಲೆಕ್ಕವನ್ನು ಎಲ್ಲ ಕಾಲದ ಲೆಕ್ಕವೆಂದು ಅವನೂ ನಂಬಿದ್ದ.

ಲೆಕ್ಕ ಹಾಕುವುದು ಹೇಗೆ?

ಊಟದ ತಟ್ಟೆಯ ಮುಂದೆ ಕೂತ ತಂದೆ ಮಕ್ಕಳಿಗೆ ಈ ಇತಿಹಾಸದಿಂದ ಏನು ಉಪಯೋಗ? ಒಂದೆರಡು ಲೆಕ್ಕಗಳನ್ನಾದರೂ ಒಟ್ಟಿಗೆ ಕೂತು ಹಾಕಬಹುದು.

ಮೊದಲನೆಯದು, ನಿಜವಾದ ಬಡ್ತಿ ಯಾವುದು ಎಂಬ ಲೆಕ್ಕ. 1947ರಲ್ಲಿ ಮೊದಲ ವೇತನ ಆಯೋಗ ಹೇಳಿದ ಕನಿಷ್ಠ ಸಂಬಳ ತಿಂಗಳಿಗೆ 55 ರೂಪಾಯಿ. 2016ರಿಂದ ಜಾರಿಯಾದ ಏಳನೆಯ ಆಯೋಗದ್ದು 18,000. ಮುನ್ನೂರು ಪಟ್ಟಿಗೂ ಮೀರಿದ ಈ ಏರಿಕೆಯಲ್ಲಿ ದೊಡ್ಡ ಪಾಲು ಬೆಲೆ ಏರಿಕೆಯನ್ನು ಬೆನ್ನಟ್ಟಿದ್ದಷ್ಟೆ. ಸರ್ಕಾರಿ ನೌಕರನಿಗೆ ಬಡ್ತಿ ಬೇರೆ, ತುಟ್ಟಿಭತ್ಯೆ ಬೇರೆ. ಖಾಸಗಿ ಕಂಪನಿ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ 'ಹೈಕ್' ಎನ್ನುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5 ಏರುತ್ತಿದ್ದರೆ, ಮಗನ ನೂರಕ್ಕೆ 8ರ ಹೈಕೂ ತಂದೆಯ ನೂರಕ್ಕೆ 3ರ ಬಡ್ತಿಯೂ ಸ್ಥೂಲವಾಗಿ ಒಂದೇ! 30,000 ರೂಪಾಯಿಯ ಸಂಬಳ ಹತ್ತು ವರ್ಷ ಬರೀ ನೂರಕ್ಕೆ 5ರಂತೆ ಬೆಳೆದರೆ 48,900ರ ಹತ್ತಿರ ಬರುತ್ತದೆ. ಕೊಳ್ಳುವ ಶಕ್ತಿ ಮಾತ್ರ ಮೊದಲಿದ್ದಷ್ಟೇ. ಅದಕ್ಕಿಂತ ಕಡಿಮೆ ಆದರೆ ಕೂತವನು ಕೂತಲ್ಲೇ ಕೆಳಗಿಳಿಯುತ್ತಿದ್ದಾನೆ ಎಂದರ್ಥ.

ಎರಡನೆಯದು, ಬುನಾದಿಯ ಲೆಕ್ಕ. 25,000ಕ್ಕೆ ಸೇರಿದವನಿಗೂ 30,000ಕ್ಕೆ ಸೇರಿದವನಿಗೂ ಒಂದೇ ನೂರಕ್ಕೆ 8ರಂತೆ ಏರಿದರೂ, ಇಂದಿನ 5,000ದ ಅಂತರ ಹತ್ತು ವರ್ಷಕ್ಕೆ 10,800ರ ಹತ್ತಿರ ಆಗುತ್ತದೆ. ಆರಂಭದ ವರ್ಷಗಳಲ್ಲಿ ಬುನಾದಿ ಎತ್ತರಿಸಿಕೊಳ್ಳಲು ಹುಡುಗರು ಚಡಪಡಿಸುವುದರಲ್ಲಿ ಅರ್ಥವಿದೆ.

ಮೂರನೆಯದು, ಹೂತಿಟ್ಟದ್ದರ ಲೆಕ್ಕ. 1972ರ ಗ್ರಾಚ್ಯುಯಿಟಿ ಕಾಯ್ದೆ ಐದು ವರ್ಷ ತುಂಬಿದವನಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಕೊಡಬೇಕೆಂದಿತು. ಕಾಯಂ ನೌಕರರ ಮಟ್ಟಿಗೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಐದು ವರ್ಷದ ಗಡುವು ಉಳಿದಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷ ಸಾಕು. ತಿಂಗಳನ್ನು 26 ದಿನವೆಂದು ಎಣಿಸುವುದರಿಂದ ಮೂಲವೇತನ 26,000 ಇದ್ದವನಿಗೆ ವರ್ಷಕ್ಕೆ 15,000ದಂತೆ ಐದು ವರ್ಷಕ್ಕೆ 75,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೇ ಎದ್ದರೆ ಇದು ಕೈತಪ್ಪಿತು. ಹಾಗೆಂದು ಹೊಸ ಕಡೆ ತಿಂಗಳಿಗೆ 8,000 ಹೆಚ್ಚಿಗೆ ಸಿಗುವುದಾದರೆ ಹತ್ತು ತಿಂಗಳೊಳಗೆ ಆ ನಷ್ಟ ತುಂಬುತ್ತದೆ. ಇದರ ಜೊತೆ ನೋಟಿಸ್ ಅವಧಿ, ಬಾಂಡು, ಹೊಸ ಊರಿನ ಬಾಡಿಗೆ ಮತ್ತು ಮುಂಗಡಗಳನ್ನೂ ಕಳೆಯಬೇಕು. ಕರಾವಳಿಯ ಬ್ಯಾಂಕ್ ಗುಮಾಸ್ತ ಕಳೆಯಲು ಮರೆಯಲಿಲ್ಲ, ನಾವೂ ಮರೆಯಬಾರದು.

ನಾಲ್ಕನೆಯದನ್ನು ಅಂಕಿಯಲ್ಲಿ ಹಾಕಲಾಗದು. ಇಲ್ಲಿ ಇನ್ನೂ ಕಲಿಯುವುದಿದೆಯೇ? ಮೇಲೆ ಸೂರು ತಗುಲುತ್ತಿದೆಯೇ? ಮನಸ್ಸು ಬೇರೆಲ್ಲೋ ಇದೆಯೇ? ಮರ್ಯಾದೆ ಉಳಿದಿದೆಯೇ? ವಿಶ್ವೇಶ್ವರಯ್ಯ, ರಾಮನ್, ಮಾಸ್ತಿಯವರು ಕೇಳಿಕೊಂಡದ್ದು ಇವೇ ಪ್ರಶ್ನೆಗಳನ್ನು. ಸಂಬಳದ ಲೆಕ್ಕ ಎರಡೂ ಕಡೆ ಸಮನಾಗಿ ತೂಗುವಾಗ ತಕ್ಕಡಿ ವಾಲುವುದು ಇವುಗಳಿಂದಲೇ.

ಕೇಂದ್ರದಲ್ಲಿ 2025ರಲ್ಲಿ ಎಂಟನೆಯ ವೇತನ ಆಯೋಗ ರಚನೆಯಾಯಿತು. ರಾಜ್ಯದಲ್ಲಿ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟಿನಿಂದ ಜಾರಿಗೆ ಬಂದಿತ್ತು. ಸರ್ಕಾರಿ ಹುದ್ದೆಗಳ ಪರೀಕ್ಷೆಗೆ ಕುಳಿತುಕೊಳ್ಳುವ ಪದವೀಧರರ ಸಾಲು ಇಂದಿಗೂ ಕರಗಿಲ್ಲ. ಸಾಫ್ಟ್‌ವೇರ್ ಕೆಲಸ ಬಿಟ್ಟು ಆ ಸಾಲಿಗೆ ಬಂದವರೂ ಅಲ್ಲಿದ್ದಾರೆ. ಎರಡು ಏಣಿಗಳೂ ಅಕ್ಕಪಕ್ಕ ನಿಂತಿವೆ. ಎರಡನ್ನೂ ಹತ್ತಿ ನೋಡಿದವರು ಒಂದೇ ಮನೆಯಲ್ಲಿ ಇರುವುದು ನಮ್ಮ ಕಾಲದ ಭಾಗ್ಯ.

ಆದ್ದರಿಂದ ಮುಂದಿನ ಸಲ ಊಟದ ಹೊತ್ತಿಗೆ ಆ ಮಾತು ಬಂದಾಗ ತಂದೆ "ಯಾಕೆ ಬಿಡ್ತೀಯ?" ಎನ್ನುವ ಬದಲು "ಹೋದ ಕಡೆ ಮೂರು ವರ್ಷ ಆದ ಮೇಲೆ ಏನಾಗುತ್ತೆ?" ಎಂದು ಕೇಳಲಿ. ಮಗಳೋ ಮಗನೋ ತಮ್ಮ ಕಡೆಯಿಂದ "ನೀವು ಯಾಕೆ ಬಿಡಲಿಲ್ಲ?" ಎಂದು, ಹಂಗಿಸುವುದಕ್ಕಲ್ಲ, ತಿಳಿಯುವುದಕ್ಕೆ ಕೇಳಲಿ. ಇರುವುದಾದರೆ ತಿಳಿದು ಇರಬೇಕು, ಬಿಡುವುದಾದರೆ ಎಣಿಸಿ ಬಿಡಬೇಕು. ಇದ್ದರೂ ಬಿಡುವ ಬಾಗಿಲು ತೆರೆದಿರುವವರೆಗೆ ಅದು ಸಂಬಳ, ದಾರಿಯ ಬುತ್ತಿ. ಆ ಬಾಗಿಲು ಮುಚ್ಚಿಹೋದರೆ ಮೊತ್ತ ಎಷ್ಟೇ ದೊಡ್ಡದಿರಲಿ, ಅದಕ್ಕೆ ನಮ್ಮ ಹಳೆಯ ಭಾಷೆಯ ಇನ್ನೊಂದು ಹೆಸರೇ ಸರಿಹೊಂದೀತು.